ಹಳೆಯ ಹೆಡ್‌ಫೋನಿಗೆ ಮರಳಿ ದನಿ

ಹಾಸನ ತಾಲೂಕಿನ ದುದ್ದ ಹೋಬಳಿಯ ಹಳ್ಳಿಯಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೇಟೆಬೀದಿಯಿರಲಿ, ಹಳೆಯ ಮನೆಯ ಅಟ್ಟ ಯಾವುದನ್ನೂ ಬೇಗ ಬಿಟ್ಟುಕೊಡುವುದಿಲ್ಲ. ಕಾಲು ಮುರಿದ ತೊಟ್ಟಿಲು, ಗಾಜು ಒಡೆದ ಲಾಟೀನು, ತುಕ್ಕು ಹಿಡಿದ ಟ್ರಂಕುಗಳ ನಡುವೆ ಕೆಲವೊಮ್ಮೆ ಅಜ್ಜನ ಕಾಲದ ವಾಲ್ವ್ ರೇಡಿಯೊ ಸಿಗುವುದುಂಟು. ಅಪರೂಪಕ್ಕೆ ಅದರ ಜೊತೆಯಲ್ಲೇ ಉಕ್ಕಿನ ಪಟ್ಟಿಗೆ ಸಿಕ್ಕಿಸಿದ ಎರಡು ಕಪ್ಪು ಬಟ್ಟಲುಗಳೂ ಅವುಗಳಿಂದ ಇಳಿಬಿದ್ದ ನೂಲು ಹೊದಿಕೆಯ ತಂತಿಯೂ ಇರುತ್ತವೆ. ಅದೇ ಆ ಕಾಲದ ಹೆಡ್‌ಫೋನ್.

ಇಂಥ ವಸ್ತುವಿನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಡುವುದು. ಇನ್ನೊಂದು, ಮನೆಯ ಉತ್ಸಾಹಿ ಹುಡುಗನೊಬ್ಬ ಸ್ಕ್ರೂಡ್ರೈವರ್ ಹಿಡಿದು ಅದನ್ನು ಬಿಚ್ಚಿ, ಒಳಗಿನದನ್ನೆಲ್ಲ ಕಿತ್ತು, ಹೊಸ ಮಾದರಿಯ ಬಿಡಿಭಾಗಗಳನ್ನು ತುಂಬಿ ‘ಸುಧಾರಿಸುವುದು’. ಮೊದಲನೆಯದರಲ್ಲಿ ವಸ್ತು ಹೋಗುತ್ತದೆ. ಎರಡನೆಯದರಲ್ಲಿ ವಸ್ತುವಿನ ಹೊರಕವಚ ಉಳಿದು ಜೀವ ಹೋಗುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಒಳಗಿರುವುದನ್ನು ಉಳಿಸಿಕೊಂಡು, ಹೊಸ ಕಾಲಕ್ಕೆ ಬೇಕಾದ ಹೊಂದಾಣಿಕೆಯನ್ನು ಹೊರಗೆ ಮಾಡಿಕೊಳ್ಳುವ ದಾರಿ ಅದು. ಅದನ್ನು ಹಿಡಿಯಬೇಕಾದರೆ ಹೆಡ್‌ಫೋನ್ ಏಕೆ ಹುಟ್ಟಿತು, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಕಿವಿಯ ಹತ್ತಿರ ಬಂದ ದನಿ

ಹೆಡ್‌ಫೋನಿನ ಮೂಲ ದೂರವಾಣಿಯಲ್ಲಿದೆ. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದ ಮೇಲೆ, ವಿನಿಮಯ ಕೇಂದ್ರಗಳಲ್ಲಿ ಕೂತು ಕರೆಗಳನ್ನು ಜೋಡಿಸುವವರಿಗೆ ಎರಡೂ ಕೈಗಳನ್ನು ಬಿಡುವಾಗಿ ಇಟ್ಟುಕೊಳ್ಳುವ ಅಗತ್ಯ ಬಂತು. ಕೇಳುವ ಬಟ್ಟಲನ್ನು ತಲೆಗೋ ಹೆಗಲಿಗೋ ಕಟ್ಟಿಕೊಳ್ಳುವ ಏರ್ಪಾಟುಗಳು ಆಗ ಹುಟ್ಟಿದವು. ಫ್ರಾನ್ಸಿನ ಎರ್ನೆಸ್ಟ್ ಮರ್ಕಾಡಿಯೆ 1891ರಲ್ಲಿ ಎರಡೂ ಕಿವಿಗಳೊಳಗೆ ಇಟ್ಟುಕೊಳ್ಳಬಹುದಾದ ಪುಟ್ಟ ಸಾಧನಕ್ಕೆ ಪೇಟೆಂಟ್ ಪಡೆದ. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ತನ್ನ ಮನೆಯ ಅಡುಗೆಕೋಣೆಯಲ್ಲೇ ಕೈಯಾರೆ ಮಾಡಿದ ಜೋಡಿಯನ್ನು ಅಲ್ಲಿನ ನೌಕಾದಳಕ್ಕೆ ಕಳುಹಿಸಿದ. ಅತಿ ಕ್ಷೀಣವಾದ ತಂತಿರಹಿತ ಸಂಕೇತವೂ ಅದರಲ್ಲಿ ಕೇಳುತ್ತದೆಂದು ಮನಗಂಡ ನೌಕಾದಳ ಹೆಚ್ಚಿನ ಜೋಡಿಗಳಿಗೆ ಬೇಡಿಕೆ ಇಟ್ಟಿತು.

ಕ್ಷೀಣ ಸಂಕೇತ ಎಂಬ ಈ ಮಾತು ಮುಖ್ಯ. ಧ್ವನಿವರ್ಧಕ ಬಳಕೆಗೆ ಬರುವ ಮೊದಲು ರೇಡಿಯೊ ಕೇಳುವುದೆಂದರೆ ಹೆಡ್‌ಫೋನಿಗೆ ಕಿವಿಗೊಡುವುದೇ ಆಗಿತ್ತು. ಆ ದಿನಗಳ ಸರಳ ರೇಡಿಯೊ ಎಂದರೆ ಕ್ರಿಸ್ಟಲ್ ಸೆಟ್. ಅದಕ್ಕೆ ಬ್ಯಾಟರಿ ಬೇಡ, ವಿದ್ಯುತ್ತೂ ಬೇಡ. ಉದ್ದನೆಯ ಏರಿಯಲ್ ತಂತಿ, ಒಂದು ಸುರುಳಿ, ಗೆಲೀನಾ ಎಂಬ ಸೀಸದ ಅದಿರಿನ ಚೂರು, ಅದನ್ನು ಮೃದುವಾಗಿ ಮುಟ್ಟುವ ಸಣ್ಣ ತಂತಿ, ಒಂದು ಹೆಡ್‌ಫೋನ್ ಇಷ್ಟಿದ್ದರೆ ಆಯಿತು. ಗೆಲೀನಾ ಹರಳನ್ನು ಅಲೆಗಳ ಶೋಧಕವಾಗಿ ಬಳಸುವ ವಿಧಾನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ನಮ್ಮ ದೇಶದವರೇ ಆದ ಜಗದೀಶಚಂದ್ರ ಬೋಸ್. ಏರಿಯಲ್ ಗಾಳಿಯಿಂದ ಹಿಡಿದುಕೊಟ್ಟ ಅತ್ಯಲ್ಪ ಶಕ್ತಿಯೇ ಕ್ರಿಸ್ಟಲ್ ಸೆಟ್ಟಿಗೆ ಆಹಾರ. ಅಷ್ಟು ಕಡಿಮೆ ಶಕ್ತಿಯಲ್ಲಿ ಮಾತು ಕೇಳಿಸಬೇಕಾದ ಹೊಣೆ ಪೂರ್ತಿ ಹೆಡ್‌ಫೋನಿನದು. ಹಳೆಯ ಹೆಡ್‌ಫೋನಿನ ರಚನೆಯೆಲ್ಲ ಈ ಒಂದು ಅಗತ್ಯದಿಂದ ರೂಪುಗೊಂಡಿದೆ.

ಮೈಸೂರು ಸೀಮೆಯಲ್ಲಿ

ಭಾರತದಲ್ಲಿ ಪ್ರಸಾರದ ಮೊದಲ ಹೆಜ್ಜೆಗಳನ್ನಿಟ್ಟವು ಹವ್ಯಾಸಿಗಳ ಕ್ಲಬ್ಬುಗಳು. ಮದರಾಸು ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ 1924ರಲ್ಲಿ ಪ್ರಸಾರ ಆರಂಭಿಸಿತು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ಮತ್ತು ಕಲ್ಕತ್ತ ಕೇಂದ್ರಗಳು 1927ರಲ್ಲಿ ಕೆಲಸ ಶುರುಮಾಡಿದವು.

ಕನ್ನಡ ನಾಡಿನಲ್ಲಿ ಈ ಕಥೆ ಆರಂಭವಾಗುವುದು ಮೈಸೂರಿನ ಒಂದು ಮನೆಯಲ್ಲಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸ ‘ವಿಠ್ಠಲ ವಿಹಾರ’ದಿಂದ ಖಾಸಗಿ ಪ್ರಸಾರ ಪ್ರಾರಂಭಿಸಿದರು. ಅವರ ಬಳಿ ಇದ್ದದ್ದು ಬರೀ 30 ವಾಟ್ ಸಾಮರ್ಥ್ಯದ ಪ್ರಸಾರಕ. ಮನೆಯಲ್ಲಿ ಉರಿಯುತ್ತಿದ್ದ ಒಂದು ಬಲ್ಬಿಗೆ ಬೇಕಾದಷ್ಟು ಶಕ್ತಿ, ಅಷ್ಟೇ. ಆ ಪ್ರಸಾರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿಗೆ ಅದೇ ಹೆಸರಾಯಿತು. ಮೈಸೂರಿನ ಕೇಂದ್ರ 1950ರಲ್ಲಿ ಆಲ್ ಇಂಡಿಯಾ ರೇಡಿಯೊ ಅಧೀನಕ್ಕೆ ಬಂದು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು.

30 ವಾಟಿನ ಮೈಸೂರು ಪ್ರಸಾರವನ್ನು ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಕ್ರಿಸ್ಟಲ್ ಸೆಟ್ಟಿನಿಂದ ಹಿಡಿಯುವುದು ಆಗದ ಮಾತು. ಅಷ್ಟು ದೂರಕ್ಕೆ ವಾಲ್ವ್ ಸೆಟ್ಟೇ ಬೇಕು. ಹಳ್ಳಿಗಳಿಗೆ ವಿದ್ಯುತ್ ಬಂದಿರದ ಆ ಕಾಲದಲ್ಲಿ ಅಂಥ ಸೆಟ್ಟುಗಳು ಬ್ಯಾಟರಿಯಿಂದ ನಡೆಯುತ್ತಿದ್ದವು. ಬ್ಯಾಟರಿ ದುಬಾರಿ, ಧ್ವನಿವರ್ಧಕ ಹಾಕಿದರೆ ಅದು ಬೇಗ ಖಾಲಿಯಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಒಂದೇ ವಾಲ್ವಿನಲ್ಲೂ ಕೇಳಬಹುದು. ಹೀಗಾಗಿ ಧ್ವನಿವರ್ಧಕ ಬಂದ ಮೇಲೂ ಹೆಡ್‌ಫೋನ್ ಮೂಲೆಗೆ ಬೀಳಲಿಲ್ಲ. ಎರಡನೇ ಮಹಾಯುದ್ಧ ಮುಗಿದ ನಂತರ ಸೇನೆಯ ಹೆಚ್ಚುವರಿ ಸಾಮಗ್ರಿಗಳು ‘ಡಿಸ್ಪೋಸಲ್’ ಮಾಲಾಗಿ ಪೇಟೆಗೆ ಬಂದಾಗ, ಅವುಗಳ ಜೊತೆ ಬಂದ ಹೆಡ್‌ಫೋನುಗಳು ಹವ್ಯಾಸಿ ರೇಡಿಯೊದವರ ಕೈ ಸೇರಿದವು. ಮೋರ್ಸ್ ಸಂಕೇತದ ಕಟ್ಟು-ಕಡ ಸದ್ದನ್ನು ಗದ್ದಲದ ನಡುವಿನಿಂದ ಹೆಕ್ಕಿ ತೆಗೆಯಲು ಅವಕ್ಕಿಂತ ಒಳ್ಳೆಯ ಸಾಧನವಿರಲಿಲ್ಲ.

ಆ ಕಾಲದಲ್ಲಿ ಹೆಡ್‌ಫೋನ್ ಒಬ್ಬರದೇ ಸ್ವತ್ತಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಎರಡು ಬಟ್ಟಲುಗಳನ್ನು ಬಿಡಿಸಿ ಇಬ್ಬರು ಒಂದೊಂದನ್ನು ಕಿವಿಗೆ ಒತ್ತಿಕೊಳ್ಳುವುದು, ಇಡೀ ಜೋಡಿಯನ್ನು ಲೋಹದ ಇಲ್ಲವೇ ಪಿಂಗಾಣಿಯ ಪಾತ್ರೆಯೊಳಗಿಟ್ಟು ಸುತ್ತ ಕುಳಿತ ನಾಲ್ಕಾರು ಜನ ಕೇಳುವುದು ಜಗತ್ತಿನ ಎಲ್ಲೆಡೆ ಇದ್ದ ಉಪಾಯಗಳು. ಪಾತ್ರೆ ಸಣ್ಣ ಸದ್ದನ್ನು ಕೂಡಿಸಿ ಒಂದು ದಿಕ್ಕಿಗೆ ಕಳುಹಿಸುತ್ತದೆ. ಹೆಡ್‌ಫೋನ್ ಎಂದರೆ ಸುತ್ತಲಿನವರಿಂದ ಕಿವಿ ಮುಚ್ಚಿಕೊಳ್ಳುವ ಸಾಧನ ಎಂಬ ಭಾವನೆ ಬಲವಾದದ್ದು 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದ ಮೇಲೆ.

ಬಟ್ಟಲಿನೊಳಗೆ ಏನಿದೆ?

ಹಳೆಯ ಹೆಡ್‌ಫೋನಿನ ಒಂದು ಬಟ್ಟಲನ್ನು ತೆರೆದರೆ ಮೂರೇ ಮುಖ್ಯ ಭಾಗಗಳು ಕಾಣುತ್ತವೆ. ತಳದಲ್ಲಿ ಶಾಶ್ವತ ಅಯಸ್ಕಾಂತ. ಅದರ ಎರಡು ಧ್ರುವಗಳ ಮೇಲೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಗಳು. ಅವುಗಳ ಮೇಲೆ, ಧ್ರುವಗಳಿಗೆ ತಾಗೀ ತಾಗದಂತೆ ಕುಳಿತ ತೆಳ್ಳಗಿನ ಕಬ್ಬಿಣದ ತಗಡು. ಈ ತಗಡಿಗೆ ಡಯಾಫ್ರಂ ಎಂದು ಹೆಸರು. ಸುರುಳಿಯಲ್ಲಿ ಸಂಕೇತದ ವಿದ್ಯುತ್ ಹರಿದಾಗ ಅಯಸ್ಕಾಂತದ ಸೆಳೆತ ಒಮ್ಮೆ ಹೆಚ್ಚಿ ಒಮ್ಮೆ ಕುಗ್ಗುತ್ತದೆ. ತಗಡು ಅದಕ್ಕೆ ತಕ್ಕಂತೆ ಅದುರುತ್ತದೆ. ಅದುರಿದ ಗಾಳಿಯೇ ನಮಗೆ ದನಿಯಾಗಿ ಕೇಳುತ್ತದೆ.

ಸುರುಳಿಯೇ ವಿದ್ಯುದಯಸ್ಕಾಂತವಾಗುವಾಗ ಶಾಶ್ವತ ಅಯಸ್ಕಾಂತ ಬೇರೆ ಏಕೆ ಎಂಬ ಪ್ರಶ್ನೆ ಸಹಜ. ಅದಿಲ್ಲದಿದ್ದರೆ ವಿದ್ಯುತ್ ಮುಂದಕ್ಕೆ ಹರಿದರೂ ಹಿಂದಕ್ಕೆ ಹರಿದರೂ ಕಬ್ಬಿಣದ ತಗಡು ಒಳಕ್ಕೇ ಸೆಳೆಯಲ್ಪಡುತ್ತದೆ. ಒಂದು ಕಂಪನಕ್ಕೆ ಎರಡು ಸೆಳೆತವಾಗಿ ಮಾತು ವಿಕಾರಗೊಳ್ಳುತ್ತದೆ. ಶಾಶ್ವತ ಅಯಸ್ಕಾಂತ ತಗಡನ್ನು ಮೊದಲೇ ಸ್ವಲ್ಪ ಎಳೆದು ಹಿಡಿದಿರುವುದರಿಂದ ಅದು ಒಳಕ್ಕೂ ಹೊರಕ್ಕೂ ಸರಿಯಾಗಿ ಆಡಬಲ್ಲದು. ಅಯಸ್ಕಾಂತ ದುರ್ಬಲವಾದ ಹಳೆಯ ಹೆಡ್‌ಫೋನಿನಲ್ಲಿ ಸದ್ದು ಸಣ್ಣದಾಗುವುದರ ಜೊತೆಗೆ ಸೊಟ್ಟವೂ ಆಗುವುದಕ್ಕೆ ಇದೇ ಕಾರಣ.

ಅಷ್ಟೊಂದು ಸುತ್ತುಗಳು ಬೇಕಾದದ್ದೂ ಕ್ಷೀಣ ಸಂಕೇತದಿಂದಾಗಿಯೇ. ವಿದ್ಯುತ್ ಕಡಿಮೆಯಿದ್ದಾಗ ಸುತ್ತು ಹೆಚ್ಚಿಸಿದರೆ ಅಯಸ್ಕಾಂತದ ಬಲ ಕೂಡುತ್ತದೆ. ಹೀಗಾಗಿ ಆ ಕಾಲದ ಒಂದು ಬಟ್ಟಲಿನ ರೋಧ ಸಾಮಾನ್ಯವಾಗಿ 1,000 ಓಮ್, ಸರಣಿಯಲ್ಲಿ ಜೋಡಿಸಿದ ಎರಡೂ ಸೇರಿ 2,000 ಓಮ್. ಕೆಲವು ಜೋಡಿಗಳಲ್ಲಿ 4,000 ಓಮ್. ಇಂದಿನ ಮೊಬೈಲ್ ಫೋನಿಗೆ ಸಿಕ್ಕಿಸುವ ಹೆಡ್‌ಫೋನುಗಳದು ಹೆಚ್ಚಾಗಿ 16ರಿಂದ 32 ಓಮ್. ಹಳತು ಹೊಸತುಗಳ ನಡುವಿನ ಮುಖ್ಯ ಭೇದ ಇದು. ಹಳೆಯ ಜೋಡಿಯನ್ನು ಇಂದಿನ ಉಪಕರಣಕ್ಕೆ ನೇರವಾಗಿ ಸಿಕ್ಕಿಸಿದರೆ ಸದ್ದು ಕ್ಷೀಣ. ಇಂದಿನ ಜೋಡಿಯನ್ನು ಕ್ರಿಸ್ಟಲ್ ಸೆಟ್ಟಿಗೆ ಸಿಕ್ಕಿಸಿದರೆ ಬಹುಪಾಲು ನಿಶ್ಶಬ್ದ. ಎರಡೂ ಕೆಟ್ಟಿಲ್ಲ, ಒಂದಕ್ಕೊಂದು ಹೊಂದುತ್ತಿಲ್ಲ ಅಷ್ಟೆ. ಈ ಹೊಂದಾಣಿಕೆಯ ಕೊರತೆಯನ್ನೇ ದೋಷವೆಂದು ತಿಳಿದು ಒಳಗಿನ ಸುರುಳಿಗಳನ್ನು ಕಿತ್ತೆಸೆದರೆ ಸರಿಯಿದ್ದ ವಸ್ತುವನ್ನೇ ಕೆಡಿಸಿದಂತಾಗುತ್ತದೆ.

ಬಿಚ್ಚುವ ಮೊದಲು

ದುರಸ್ತಿಯ ಮೊದಲ ಹೆಜ್ಜೆಗೆ ಯಾವ ಹತಾರವೂ ಬೇಡ. ಬಟ್ಟಲಿನ ಹಿಂಭಾಗದಲ್ಲಿ ತಯಾರಕರ ಹೆಸರು, ಓಮ್ ಸಂಖ್ಯೆ ಅಚ್ಚಾಗಿದ್ದರೆ ಬರೆದಿಟ್ಟುಕೊಳ್ಳಬೇಕು. ಎಲ್ಲ ಕೋನಗಳಿಂದ ಫೋಟೊ ತೆಗೆಯಬೇಕು. ಜೊತೆಯಲ್ಲಿ ರೇಡಿಯೊ ಲೈಸೆನ್ಸ್ ಪುಸ್ತಕ ಸಿಕ್ಕಿದ್ದರೆ ಅದನ್ನೂ ಜೋಪಾನ ಮಾಡಬೇಕು. 1980ರ ದಶಕದ ಮಧ್ಯದವರೆಗೆ ನಮ್ಮಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಾಗಿತ್ತು. ಆ ಪುಸ್ತಕದ ಮೊಹರುಗಳು ಸೆಟ್ಟು ಯಾವ ವರ್ಷಗಳಲ್ಲಿ ಮನೆಯಲ್ಲಿತ್ತು ಎಂಬುದಕ್ಕೆ ಸಾಕ್ಷಿ.

ನಂತರ ಮಲ್ಟಿಮೀಟರಿನಿಂದ ರೋಧ ಅಳೆಯಬೇಕು. 2,000 ಓಮ್ ಜೋಡಿಯಲ್ಲಿ ಅದರ ಆಸುಪಾಸಿನ ಸಂಖ್ಯೆ ಬಂದರೆ ಎರಡೂ ಸುರುಳಿಗಳು ಬದುಕಿವೆ ಎಂದರ್ಥ. ಮೀಟರ್ ಇಲ್ಲದವರು ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿಗೆ ತಂತಿಯ ಎರಡು ತುದಿಗಳನ್ನು ಕ್ಷಣಮಾತ್ರ ಮುಟ್ಟಿಸಿ ನೋಡಬಹುದು. ಒಳ್ಳೆಯ ಹೆಡ್‌ಫೋನಿನಲ್ಲಿ ಗಟ್ಟಿಯಾಗಿ ‘ಟಕ್’ ಎಂದು ಕೇಳುತ್ತದೆ.

ಏನೂ ಕೇಳದಿದ್ದರೆ ಕೂಡಲೇ ಸುರುಳಿ ಸುಟ್ಟಿದೆ ಎಂದು ತೀರ್ಮಾನಿಸಬಾರದು. ಮೊದಲು ಅನುಮಾನಿಸಬೇಕಾದದ್ದು ತಂತಿಯನ್ನು. ಹಳೆಯ ಹೆಡ್‌ಫೋನ್ ತಂತಿಯ ಒಳಗಿರುವುದು ಸಾಮಾನ್ಯ ತಾಮ್ರದ ಎಳೆಯಲ್ಲ. ಹತ್ತಿಯ ದಾರಕ್ಕೆ ಜರಿಯಂತೆ ಸುತ್ತಿದ ಅತಿ ತೆಳುವಾದ ತಾಮ್ರದ ಪಟ್ಟಿ ಅದು. ಬಾಗಿದಷ್ಟೂ ಬಾಗಲಿ ಎಂದು ಮಾಡಿದ ಈ ತಂತಿ, ಪಿನ್ನಿನ ಬುಡದಲ್ಲಿ ಮತ್ತು ಬಟ್ಟಲಿನೊಳಗೆ ಹೋಗುವ ಜಾಗದಲ್ಲಿ ಕಾಲಾನಂತರ ತುಂಡಾಗುತ್ತದೆ. ಬಟ್ಟಲಿನ ತಿರುಪುಗಳಲ್ಲೇ ನೇರವಾಗಿ ಅಳೆದು ನೋಡಿದರೆ ದೋಷ ತಂತಿಯದೋ ಸುರುಳಿಯದೋ ತಿಳಿಯುತ್ತದೆ. ತಂತಿಯದಾದರೆ ಹೊಸ ತಂತಿ ಹಾಕಬಹುದು. ಹಳೆಯದನ್ನು ಮಾತ್ರ ಬಿಸಾಡದೆ ಸುತ್ತಿ ಡಬ್ಬಿಯಲ್ಲಿಡಬೇಕು. ಅದರ ಒಂದು ಎಳೆಗೆ ಬಣ್ಣದ ದಾರದ ಗುರುತಿದ್ದರೆ ಅದನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ವಾಲ್ವ್ ಸೆಟ್ಟಿನಲ್ಲಿ ಹೆಡ್‌ಫೋನಿನ ಮೂಲಕ ಒಂದೇ ದಿಕ್ಕಿನ ವಿದ್ಯುತ್ತೂ ಹರಿಯುತ್ತಿತ್ತು. ಅದು ಅಯಸ್ಕಾಂತದ ಬಲಕ್ಕೆ ಪೂರಕವಾಗಿ ಹರಿಯಲಿ ಎಂದೇ ಆ ಗುರುತು ಇಟ್ಟಿರುತ್ತಿದ್ದರು. ತಿರುಗುಮುರುಗಾಗಿ ಜೋಡಿಸಿದರೆ ಅಯಸ್ಕಾಂತ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ.

ತಗಡು ಮತ್ತು ಅಯಸ್ಕಾಂತ

ಬಟ್ಟಲಿನ ಮುಚ್ಚಳ ತಿರುಪಿನಂತೆ ಬಿಚ್ಚುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಬಾರದು. ಬೆರಳಿಗೆ ರಬ್ಬರ್ ತುಂಡು ಸುತ್ತಿಕೊಂಡು ನಿಧಾನವಾಗಿ ತಿರುಗಿಸಬೇಕು. ಮುಚ್ಚಳ ಬೇಕಲೈಟಿನದಾದರೆ ಒದ್ದೆ ಬಟ್ಟೆಯಿಂದ ಒರೆಸಬಹುದು. ಎಬೊನೈಟ್ ಎಂಬ ಗಟ್ಟಿ ರಬ್ಬರಿನದಾದರೆ ಬಿಸಿನೀರು ಬೇಡವೇ ಬೇಡ. ಗಂಧಕ ಬೆರೆತ ಈ ರಬ್ಬರು ಬಿಸಿಲು ತೇವಗಳಿಗೆ ಕಂದು-ಹಸಿರು ಬಣ್ಣಕ್ಕೆ ತಿರುಗುತ್ತದೆ, ಬಿಸಿಗೆ ಆಕಾರ ಕೆಡುತ್ತದೆ.

ಹೆಚ್ಚಿನ ಹೆಡ್‌ಫೋನುಗಳು ಹಾಳಾಗುವುದು ಮುಂದಿನ ಹೆಜ್ಜೆಯಲ್ಲಿ. ಮುಚ್ಚಳ ತೆಗೆದ ಕೂಡಲೇ ತಗಡನ್ನು ಉಗುರಿನಿಂದಲೋ ಚಾಕುವಿನಿಂದಲೋ ಎಬ್ಬಿಸುವುದು ಸಾಮಾನ್ಯ ತಪ್ಪು. ಅಯಸ್ಕಾಂತ ಕೆಳಗಿನಿಂದ ಹಿಡಿದಿರುವುದರಿಂದ ತಗಡು ನಡುವೆ ಬಾಗುತ್ತದೆ. ಒಮ್ಮೆ ಬಾಗಿದ ತಗಡು ಮೊದಲಿನ ಅಂತರಕ್ಕೆ ಮರಳುವುದಿಲ್ಲ. ಅದನ್ನು ಎತ್ತಬಾರದು, ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಯಾವ ಮುಖ ಒಳಗಿತ್ತು ಎಂದು ಗುರುತು ಮಾಡಿಕೊಳ್ಳಬೇಕು. ಅದರ ಕೆಳಗೆ ಕಾಗದದ ಬಳೆಯಿದ್ದರೆ ಅದೂ ಅದೇ ಜಾಗಕ್ಕೆ ಮರಳಬೇಕು. ಧ್ರುವಕ್ಕೂ ತಗಡಿಗೂ ಮಧ್ಯೆ ಇರುವ ಮಿಲಿಮೀಟರಿನ ಸಣ್ಣದೊಂದು ಭಾಗದಷ್ಟು ಸಂದನ್ನು ಕಾಯುವುದು ಆ ಕಾಗದವೇ. ಅದನ್ನು ಕಸವೆಂದು ಎಸೆದರೆ ತಗಡು ಧ್ರುವಕ್ಕೆ ಅಂಟಿ ಹೆಡ್‌ಫೋನ್ ಮೂಕವಾಗುತ್ತದೆ.

ತಗಡಿನ ಮೇಲಿನ ಹಗುರ ತುಕ್ಕನ್ನು ಮೃದುವಾಗಿ ಒರೆಸಿ ತೆಗೆಯಬಹುದು. ಉಪ್ಪುಕಾಗದದಿಂದ ಉಜ್ಜಿದರೆ ತಗಡು ತೆಳುವಾಗಿ ದನಿ ಬದಲಾಗುತ್ತದೆ. ಧ್ರುವಗಳಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಗಮ್ ಟೇಪಿನಿಂದ ಒತ್ತಿ ಎತ್ತಬೇಕು. ಅರದ ಪುಡಿ ಬೀಳುವ ಮೇಜಿನ ಮೇಲೆ ಈ ಕೆಲಸ ಮಾಡಲೇಬಾರದು. ಸುರುಳಿಯ ತುದಿ ಹೊರಗಡೆ ತುಂಡಾಗಿದ್ದರೆ ಸೂಕ್ಷ್ಮವಾಗಿ ಬೆಸುಗೆ ಹಾಕಿ ಉಳಿಸಿಕೊಳ್ಳಬಹುದು. ಒಳಗೆ ತುಂಡಾಗಿದ್ದರೆ ಅದನ್ನು ಹೊಸದಾಗಿ ಸುತ್ತಿಸಬೇಕಾಗುತ್ತದೆ. ತಾಳ್ಮೆಯೂ ಸುತ್ತುವ ಯಂತ್ರವೂ ಇರುವವರ ಕೆಲಸ ಅದು.

ಅಯಸ್ಕಾಂತದ ಬಲವನ್ನು ನೋಡಲು ಹಳೆಯ ರಿಪೇರಿಯವರ ಪರೀಕ್ಷೆಯೊಂದಿದೆ. ಬಟ್ಟಲನ್ನು ತಲೆಕೆಳಗಾಗಿ ಹಿಡಿದಾಗ ತಗಡು ಬೀಳದೆ ಅಂಟಿಕೊಂಡಿರಬೇಕು. ತಗಡಿನ ಅಂಚನ್ನು ಧ್ರುವಕ್ಕೆ ತಾಗಿಸಿದರೆ ತನ್ನ ಭಾರವನ್ನು ಹೊತ್ತು ನೇತಾಡಬೇಕು. ಬಿದ್ದರೆ ಅಯಸ್ಕಾಂತ ಸೋತಿದೆ ಎಂದು ತಿಳಿಯಬಹುದು. ಅದನ್ನು ಮತ್ತೆ ಕಾಂತೀಕರಿಸಲು ಪ್ರಬಲ ವಿದ್ಯುದಯಸ್ಕಾಂತ ಬೇಕು. ಈಗ ಸುಲಭವಾಗಿ ಸಿಗುವ ನಿಯೋಡಿಮಿಯಂ ಅಯಸ್ಕಾಂತದ ತುಂಡನ್ನು ಒಳಗೆ ಅಂಟಿಸಿಬಿಡುವ ಆಸೆ ಕೆಲವರಿಗೆ ಬರುತ್ತದೆ. ಬಲ ಮಿತಿಮೀರಿದರೆ ತಗಡು ಧ್ರುವಗಳಿಗೆ ಕಚ್ಚಿಕೊಂಡು ಅಲುಗಾಡುವುದೇ ಇಲ್ಲ. ಇಲ್ಲಿ ಹೆಚ್ಚು ಬಲವೆಂದರೆ ಹೆಚ್ಚು ಸದ್ದಲ್ಲ.

ಎಪ್ಪತ್ತರ ದಶಕದ ಜೋಡಿಗಳು

ಅಟ್ಟದಲ್ಲಿ ಸಿಗುವುದೆಲ್ಲ ವಾಲ್ವ್ ಕಾಲದ್ದೇ ಆಗಿರಬೇಕಿಲ್ಲ. ಗಲ್ಫ್ ದೇಶಗಳಿಂದಲೋ ಅಮೆರಿಕದಿಂದಲೋ ಬಂದ ನೆಂಟರು ತಂದುಕೊಟ್ಟ ಎಪ್ಪತ್ತು, ಎಂಬತ್ತರ ದಶಕದ ಹೆಡ್‌ಫೋನುಗಳೂ ಈಗ ಹಳೆಯವೇ. ಇವುಗಳ ಒಳಗಿನ ಕಥೆ ಬೇರೆ. ಇಲ್ಲಿ ಕಬ್ಬಿಣದ ತಗಡಿಲ್ಲ. ಹಗುರವಾದ ಪ್ಲಾಸ್ಟಿಕ್ ಪೊರೆಗೇ ಸುರುಳಿ ಅಂಟಿಕೊಂಡಿದ್ದು, ಧ್ವನಿವರ್ಧಕದಂತೆ ಸುರುಳಿಯೇ ಅಲುಗಾಡುತ್ತದೆ. ಸುರುಳಿ ಅಲುಗಾಡುವ ಈ ತತ್ವದ ಹೆಡ್‌ಫೋನನ್ನು ಜರ್ಮನಿಯ ಬೇಯರ್ ಕಂಪನಿ 1937ರಲ್ಲೇ ತಯಾರಿಸಿತ್ತು. ಅಮೆರಿಕದ ಜಾನ್ ಕಾಸ್ 1958ರಲ್ಲಿ ಸ್ಟೀರಿಯೊ ಸಂಗೀತಕ್ಕೆಂದೇ ಹೆಡ್‌ಫೋನ್ ತಂದ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಹೊರತಂದ ಎಚ್‌ಡಿ 414 ಎಂಬ ಹಗುರ ಮಾದರಿಯ ಹಳದಿ ಸ್ಪಂಜಿನ ಮೆತ್ತೆಗಳು ಜಗತ್ತಿನಾದ್ಯಂತ ಪರಿಚಿತವಾದವು. ಅದರ ಬಟ್ಟಲುಗಳೂ 2,000 ಓಮಿನವು ಎಂಬುದು ಸ್ವಾರಸ್ಯಕರ.

ಈ ಪೀಳಿಗೆಯ ಮುಖ್ಯ ಶತ್ರು ತುಕ್ಕಲ್ಲ, ತೇವ. ಕಿವಿಮೆತ್ತೆಯ ಸ್ಪಂಜು ಪಾಲಿಯುರಿಥೇನ್ ಎಂಬ ವಸ್ತುವಿನದು. ಗಾಳಿಯ ತೇವಾಂಶ ಅದರ ಅಣುಸರಪಳಿಯನ್ನು ಕತ್ತರಿಸುತ್ತಾ ಹೋಗುತ್ತದೆ. ಕೊನೆಗೆ ಮುಟ್ಟಿದರೆ ಅಂಟಾಗಿ ಇಲ್ಲವೇ ಪುಡಿಯಾಗಿ ಉದುರುತ್ತದೆ. ಸಕಲೇಶಪುರದ ಕಡೆಯ ಮಳೆಗಾಲ ಕಂಡ ಮನೆಗಳಲ್ಲಿ ಇದು ಇನ್ನೂ ಬೇಗ. ಹೀಗೆ ಕೆಟ್ಟ ಸ್ಪಂಜನ್ನು ಉಳಿಸಿಕೊಳ್ಳುವ ದಾರಿಯಿಲ್ಲ. ಅದರ ಪುಡಿ ಪೊರೆಯ ಮೇಲೆ ಬೀಳದಂತೆ ಬಟ್ಟಲನ್ನು ಕೆಳಮುಖ ಹಿಡಿದು ಪೂರ್ತಿ ತೆಗೆದು, ಅದೇ ದಪ್ಪ ಅದೇ ಸಾಂದ್ರತೆಯ ಹೊಸ ಮೆತ್ತೆ ಹಾಕಬೇಕು. ದಪ್ಪ ಬದಲಾದರೆ ಕಿವಿಗೂ ಪೊರೆಗೂ ಇರುವ ದೂರ ಬದಲಾಗಿ ದನಿಯ ತಗ್ಗು ಸ್ವರಗಳು ಹೆಚ್ಚುಕಡಿಮೆಯಾಗುತ್ತವೆ. ಮೆತ್ತೆ ಬದಲಿಸಿದ ಮೇಲೆ ‘ಮೊದಲಿನ ಹಾಗೆ ಕೇಳುವುದಿಲ್ಲ’ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಸುಧಾರಣೆಯ ಮಿತಿ

ಇಷ್ಟಾದ ಮೇಲೆ ಬರುವುದು ಸುಧಾರಣೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗ ಹಾಸನ ಜಿಲ್ಲೆಯವರಿಗೆ ಪರಿಚಿತವಾದ ಇನ್ನೊಂದು ಕ್ಷೇತ್ರದ ಅನುಭವ ನೆರವಿಗೆ ಬರುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಸ್ಮಾರಕಗಳ ರಕ್ಷಣೆಗೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಕೈಪಿಡಿಯೊಂದನ್ನು ಪ್ರಕಟಿಸಿದ್ದರು. ಹಳೆಯದನ್ನು ಹೊಸದಾಗಿ ಮಾಡಿ ತೋರಿಸುವುದಕ್ಕಿಂತ ಇದ್ದದ್ದನ್ನು ಇದ್ದಂತೆ ಕಾಯುವುದು ಮೇಲು ಎಂಬುದು ಅದರ ಸಾರ. ಕಳೆದುಹೋದ ಶಿಲ್ಪದ ಜಾಗದಲ್ಲಿ ಹೊಸ ಶಿಲ್ಪ ಕೆತ್ತಿ ಹಳೆಯದೆಂದು ನಂಬಿಸಿದರೆ ಮುಂದಿನವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಹೆಡ್‌ಫೋನ್ ದೇಗುಲವಲ್ಲ, ನಿಜ. ಆದರೆ ಈ ಮಾತು ಅದಕ್ಕೂ ಸಲ್ಲುತ್ತದೆ. ಯಾವ ಬದಲಾವಣೆಯನ್ನು ನಾಳೆ ಹಿಂದಕ್ಕೆ ತೆಗೆಯಬಹುದೋ ಅದನ್ನು ಧೈರ್ಯವಾಗಿ ಮಾಡಬಹುದು. ಹಿಂದಕ್ಕೆ ತೆಗೆಯಲಾಗದ್ದನ್ನು ಮಾಡುವ ಮುನ್ನ ಹತ್ತು ಸಲ ಯೋಚಿಸಬೇಕು. ಹೊಸ ತಂತಿ, ಹೊಸ ಮೆತ್ತೆ, ತಲೆಪಟ್ಟಿಗೆ ಹೊಸ ಚರ್ಮದ ಹೊದಿಕೆ ಇವೆಲ್ಲ ಮೊದಲ ಗುಂಪಿನವು. ಬಟ್ಟಲಿಗೆ ತೂತು ಕೊರೆದು ಹೊಸ ಸಾಕೆಟ್ ಕೂರಿಸುವುದು, ಹಳೆಯ ಸುರುಳಿ ತೆಗೆದು ಇಂದಿನ ಅಗ್ಗದ ಸ್ಪೀಕರ್ ತುಂಬುವುದು ಎರಡನೆಯ ಗುಂಪಿನವು.

ಇಂದಿನ ಉಪಕರಣಕ್ಕೆ ಹೊಂದಿಸುವ ಸುರಕ್ಷಿತ ಉಪಾಯವೆಂದರೆ ನಡುವೆ ಒಂದು ಸಣ್ಣ ಆಡಿಯೊ ಟ್ರಾನ್ಸ್‌ಫಾರ್ಮರ್ ಇಡುವುದು. ಅದರ ಲೆಕ್ಕ ಸರಳ. ಸುತ್ತುಗಳ ಅನುಪಾತ 1ಕ್ಕೆ 10 ಇದ್ದರೆ ಓಮ್‌ಗಳ ಅನುಪಾತ 1ಕ್ಕೆ 100 ಆಗುತ್ತದೆ. ಅಂದರೆ 2,000 ಓಮಿನ ಜೋಡಿ ಉಪಕರಣದ ಕಣ್ಣಿಗೆ 20 ಓಮಿನದಾಗಿ ಕಾಣುತ್ತದೆ. ಹೆಡ್‌ಫೋನಿನ ಒಂದು ತಿರುಪೂ ಕದಲುವುದಿಲ್ಲ. ಇಂದಿನ ಉಪಕರಣಗಳಿಂದ ಎಡ, ಬಲ ಎಂದು ಎರಡು ಸಂಕೇತಗಳು ಬರುವುದರಿಂದ ಅವೆರಡನ್ನು ನೇರವಾಗಿ ಕೂಡಿಸದೆ, ಒಂದೊಂದಕ್ಕೂ ಒಂದು ರೆಸಿಸ್ಟರ್ ಹಾಕಿ ಸೇರಿಸಬೇಕು. ಬೇಕಾದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಇಷ್ಟು ಮಾಡಿದರೂ ಹಳೆಯ ಜೋಡಿಯಿಂದ ಇಂದಿನ ಸಂಗೀತದ ಗಾಂಭೀರ್ಯವನ್ನು ನಿರೀಕ್ಷಿಸಬಾರದು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಕಬ್ಬಿಣದ ತಗಡು ಚೆನ್ನಾಗಿ ಅದುರುವುದು ಮಾತಿನ ಸ್ಪಷ್ಟತೆಗೆ ಬೇಕಾದ ಮಧ್ಯದ ಸ್ವಲ್ಪ ಭಾಗದಲ್ಲಿ ಮಾತ್ರ. ಮೃದಂಗದ ತೊಪ್ಪಿಯ ಗುಮುಕು ಅದರಲ್ಲಿ ಸಿಗದು, ತಂಬೂರಿಯ ಮಂದ್ರ ಸಣ್ಣಗಾಗುತ್ತದೆ. ಆದರೆ ಮಾತು ಮಾತ್ರ ಕಿವಿಯ ಪಕ್ಕವೇ ನಿಂತು ಹೇಳಿದಷ್ಟು ಸ್ಪಷ್ಟ. ಮೊದಲ ಕೇಳುಗರಿಗೆ ಬಾನುಲಿ ಹೀಗೇ ಕೇಳಿತ್ತು. ಆ ದನಿಯನ್ನು ‘ಸರಿಪಡಿಸಿ’ಬಿಟ್ಟರೆ ಅವರು ಏನು ಕೇಳಿದ್ದರು ಎಂಬುದನ್ನು ತಿಳಿಯುವ ಒಂದು ಸಾಧನ ಇಲ್ಲವಾಗುತ್ತದೆ.

ಜೀವಕ್ಕೂ ಕಿವಿಗೂ ಎಚ್ಚರ

ದುರಸ್ತಿಯ ಉತ್ಸಾಹದಲ್ಲಿ ಮರೆಯಬಾರದ ಎಚ್ಚರಿಕೆಯೊಂದಿದೆ. ಹಳೆಯ ಬ್ಯಾಟರಿ ಸೆಟ್ಟುಗಳಲ್ಲಿ ಹೆಡ್‌ಫೋನನ್ನು ವಾಲ್ವಿನ ಪ್ಲೇಟ್ ಮಂಡಲದಲ್ಲೇ ಜೋಡಿಸುತ್ತಿದ್ದರು. ಅಲ್ಲಿ 45ರಿಂದ 90 ವೋಲ್ಟ್ ಇರುತ್ತಿತ್ತು. ಮನೆಯ ವಿದ್ಯುತ್ತಿನಿಂದ ನಡೆಯುವ ವಾಲ್ವ್ ರೇಡಿಯೊಗಳಲ್ಲಿ ಆ ಜಾಗದ ವೋಲ್ಟೇಜ್ 200ನ್ನೂ ಮೀರಬಹುದು. ನೂಲು ಹೊದಿಕೆ ಸವೆದ ತಂತಿ, ಲೋಹದ ತಲೆಪಟ್ಟಿ, ಬೆವರಿದ ಹಣೆ ಇವು ಮೂರೂ ಸೇರಿದರೆ ಪ್ರಾಣಾಪಾಯವೇ ಸರಿ. ಆದ್ದರಿಂದ ಹಳೆಯ ಹೆಡ್‌ಫೋನನ್ನು ವಿದ್ಯುತ್ ಸಂಪರ್ಕದ ವಾಲ್ವ್ ಸೆಟ್ಟಿನ ಒಳಗೆ ಎಂದೂ ನೇರವಾಗಿ ಜೋಡಿಸಬಾರದು. ಟ್ರಾನ್ಸ್‌ಫಾರ್ಮರಿನ ಪ್ರತ್ಯೇಕತೆ ಇರಲೇಬೇಕು. ವಾಲ್ವ್ ಸೆಟ್ಟಿನ ಕೆಲಸ ತಿಳಿದವರ ಕೈಯಲ್ಲೇ ಇದನ್ನು ಮಾಡಿಸುವುದು ಕ್ಷೇಮ.

ಕಿವಿಯ ವಿಷಯವೂ ಅಷ್ಟೇ. ವಯಸ್ಕರು ಸರಾಸರಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೂ ಶಬ್ದಶಕ್ತಿ ಎರಡರಷ್ಟಾಗುವುದರಿಂದ ಕೇಳುವ ಅವಧಿ ಅರ್ಧಕ್ಕೆ ಇಳಿಯಬೇಕು. ಹೊಸದಾಗಿ ಟ್ರಾನ್ಸ್‌ಫಾರ್ಮರ್ ಜೋಡಿಸಿದಾಗ ಸದ್ದನ್ನು ಪೂರ್ತಿ ತಗ್ಗಿಸಿ, ಬಟ್ಟಲನ್ನು ಕಿವಿಯಿಂದ ದೂರ ಹಿಡಿದು ಪರೀಕ್ಷಿಸುವುದು ಒಳ್ಳೆಯದು.

ಸರಿಯಾದ ಮೇಲೆ ಕೇಳುವುದೇನು?

ಹೆಡ್‌ಫೋನ್ ಸರಿಯಾಯಿತು ಎನ್ನೋಣ. ಅದನ್ನು ಅದರ ಹುಟ್ಟು ಜೊತೆಗಾರನಾದ ಕ್ರಿಸ್ಟಲ್ ಸೆಟ್ಟಿಗೆ ಜೋಡಿಸಿ ಬಾನುಲಿ ಕೇಳಬೇಕೆಂದರೆ ಇನ್ನೊಂದು ತೊಡಕಿದೆ. ಕ್ರಿಸ್ಟಲ್ ಸೆಟ್ಟು ಹಿಡಿಯುವುದು ಮಧ್ಯಮ ತರಂಗದಂಥ ಎ.ಎಂ. ಪ್ರಸಾರವನ್ನು. ಅಲೆಯ ಎತ್ತರ ಹೆಚ್ಚುಕಡಿಮೆಯಾಗುವ ಆ ವಿಧಾನದಲ್ಲಿ ಹರಳೊಂದೇ ದನಿಯನ್ನು ಬೇರ್ಪಡಿಸಬಲ್ಲದು. ಎಫ್.ಎಂ. ಪ್ರಸಾರದಲ್ಲಿ ಬದಲಾಗುವುದು ಅಲೆಯ ಆವರ್ತನ. ಸಾಮಾನ್ಯ ಕ್ರಿಸ್ಟಲ್ ಸೆಟ್ಟಿಗೆ ಅದು ನಿಲುಕದು. ದುದ್ದಕ್ಕೆ ಹತ್ತಿರದ ಹಾಸನ ಆಕಾಶವಾಣಿಯದು ಎಫ್.ಎಂ. ಪ್ರಸಾರ. ದೇಶದ ಅನೇಕ ಮಧ್ಯಮ ತರಂಗ ಪ್ರಸಾರಕಗಳು ಇತ್ತೀಚಿನ ವರ್ಷಗಳಲ್ಲಿ ಕೆಲಸ ನಿಲ್ಲಿಸಿವೆ. ಉಳಿದವುಗಳ ಪೈಕಿ ಪ್ರಬಲವಾದದ್ದು ಸಮೀಪವಿದ್ದರೆ, ಎತ್ತರಕ್ಕೆ ಕಟ್ಟಿದ ಉದ್ದನೆಯ ಏರಿಯಲ್ ಮತ್ತು ಒಳ್ಳೆಯ ಭೂಸಂಪರ್ಕದಿಂದ ಈಗಲೂ ಬ್ಯಾಟರಿಯಿಲ್ಲದೆ ಕೇಳಬಹುದು. ಗುಡುಗು ಸಿಡಿಲಿನ ದಿನ ಮಾತ್ರ ಏರಿಯಲ್ಲನ್ನು ಕಳಚಿ ನೆಲಕ್ಕೆ ಸೇರಿಸಿಡಬೇಕು.

ಅದು ಆಗದ ಕಡೆ ಸಣ್ಣ ಟ್ರಾನ್ಸಿಸ್ಟರ್ ರೇಡಿಯೊಗೆ ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸಿಕೊಂಡರೆ ಹಾಸನ ಕೇಂದ್ರದ ಕೃಷಿ ಮಾತುಕತೆಯೂ ಪ್ರದೇಶ ಸಮಾಚಾರವೂ ಹಳೆಯ ತಗಡಿನಿಂದಲೇ ಕೇಳಿಬರುತ್ತವೆ. ಇದೇ ಹಾಸನದಲ್ಲಿ 1982ರಿಂದ ಇರುವ ಉಪಗ್ರಹ ನಿಯಂತ್ರಣ ಕೇಂದ್ರ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಗೆಲೀನಾ ಹರಳಿನಿಂದ ಅಲ್ಲಿಯವರೆಗಿನ ಹಾದಿಯನ್ನು ಶಾಲೆಯ ಮಕ್ಕಳಿಗೆ ವಿವರಿಸಲು ಕೆಲಸ ಮಾಡುವ ಒಂದು ಹಳೆಯ ಹೆಡ್‌ಫೋನಿಗಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ.

ಕೊನೆಯದಾಗಿ ಒಂದು ಕೆಲಸ ಉಳಿಯುತ್ತದೆ. ಯಾವ ಭಾಗ ಮೂಲದ್ದು, ಯಾವುದನ್ನು ಬದಲಿಸಲಾಯಿತು, ಯಾವ ವರ್ಷ, ಅಳತೆ ಎಷ್ಟು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ತೆಗೆದ ಹಳೆಯ ತಂತಿಯೊಂದಿಗೆ ಅದೇ ಡಬ್ಬಿಯಲ್ಲಿಡಬೇಕು. ತಾಲೂಕು ಕೇಂದ್ರಗಳ ರೇಡಿಯೊ ರಿಪೇರಿ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಾ ಬಂದಿವೆ. ಅಲ್ಲಿ ಕುಳಿತು ತಗಡನ್ನು ಜಾರಿಸಿ ತೆಗೆಯುವುದನ್ನು ಕಲಿಸುತ್ತಿದ್ದವರೂ ವಿರಳವಾಗಿದ್ದಾರೆ. ಇನ್ನು ಮೂವತ್ತು ವರ್ಷಗಳ ನಂತರ ಆ ಡಬ್ಬಿ ತೆರೆಯುವವರಿಗೆ ದಾರಿ ತೋರಿಸಲು ಆ ಚೀಟಿಯಾದರೂ ಇರಬೇಕು.